ತಂಗೆವ್ವ ಅತ್ತೆಯ ಪಾಲಿನ ಹಾಲು

ನಮ್ಮ ತಂಗೆವ್ವ ಅತ್ತೆ ಹಿತ್ತಲಿಗೆ ಹೋಗುವಾಗ ಚಪ್ಪಾಳೆ ತಟ್ಟುತ್ತಾ ಹೋಗುತ್ತಿದ್ದಳು. ಭಜನೆಯ ಚಪ್ಪಾಳೆಯಲ್ಲ, ಕೂಸು ಆಡಿಸುವ ಚಪ್ಪಾಳೆಯೂ ಅಲ್ಲ. ನಿಧಾನವಾಗಿ, ತೂಗಿ ತೂಗಿ, ಒಣಗಿದ ಹಲಗೆಗೆ ಹಲಗೆ ಬಡಿದಂಥ ಸದ್ದು. ಬಾವಿಗೆ ಹೋಗುವಾಗ ಕೊಡ ಕಂಕುಳಲ್ಲಿ ಇದ್ದರೆ ಒಂದೇ ಕೈಯಿಂದ ತೊಡೆಗೆ ಬಡಿದುಕೊಳ್ಳುತ್ತಿದ್ದಳು. ಜೊತೆಗೆ ಮಾತು ಬೇರೆ. "ಸರೀರಪ್ಪಾ, ಸರೀರಿ. ನಾ ಬಂದೀನಿ, ನಿಮ್ಮವ್ವ." ಹುಲ್ಲಿನಲ್ಲಿ ಏನೋ ಸರ್ರೆಂದು ಸರಿಯುತ್ತಿತ್ತು. ಅತ್ತೆ ಆ ಕಡೆ ನೋಡುತ್ತಲೂ ಇರಲಿಲ್ಲ.

ಹಾವಿಗೆ ಕಿವಿಯೇ ಇಲ್ಲವಂತೆ, ಚಪ್ಪಾಳೆ ಹೊಡೆದು ಏನು ಉಪಯೋಗ ಎಂದು ಅಪ್ಪ ಒಮ್ಮೆ ಯಾವುದೋ ಪೇಪರಿನಲ್ಲಿ ಓದಿಕೊಂಡು ಬಂದು ಹೇಳಿದ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅದಕ್ಕ ಇರಲಿಕ್ಕಿಲ್ಲ ತಮ್ಮಾ, ನನಗ ಐತಲ್ಲ. ನನ್ನ ಸಪ್ಪಳ ನನಗ ಕೇಳಬೇಕು, ಇಲ್ಲಂದ್ರ ಬ್ಯಾರೇ ಸಪ್ಪಳ ಕೇಳ್ತಾವ."

ಬೇರೆ ಸಪ್ಪಳ ಯಾವುದು ಎಂದು ಆಗ ಯಾರೂ ಕೇಳಲಿಲ್ಲ.

ಇದು ಮುಂಬೈಯ ಮಲಾಡಿನ ಮಾತು. ನಗಬೇಡಿ. ಇವತ್ತು ಮಲಾಡ್ ಸ್ಟೇಷನ್ನಿನಲ್ಲಿ ಇಳಿದರೆ ಕಾಲಿಡಲು ಜಾಗ ಇಲ್ಲ, ಹಾವು ಬಂದರೆ ಅದಕ್ಕೇ ಉಸಿರು ಕಟ್ಟುತ್ತದೆ. ಐವತ್ತರ ದಶಕದಲ್ಲಿ ಹಾಗಿರಲಿಲ್ಲ. ಸ್ಟೇಷನ್, ಅದರ ಮುಂದೆ ಒಂದಿಷ್ಟು ಅಂಗಡಿ, ಕುದುರೆಗಾಡಿಗಳು, ಅಷ್ಟೇ. ಆಮೇಲೆ ಭತ್ತದ ಗದ್ದೆ, ತಾಳೆಮರ, ಸಮುದ್ರದ ನೀರು ಒಳಗೆ ನುಗ್ಗುವ ಖಾಡಿಯ ಕೆಸರು ವಾಸನೆ. ಅಪ್ಪ ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಶಹರದ ಚಾಳುಗಳಲ್ಲಿ ಖೋಲಿ ಸಿಗದೆ, ಅಲೆದು ಅಲೆದು ಸಾಕಾಗಿ, ಮಲಾಡಿನಲ್ಲಿ ಪಾಸ್ಕು ಬಾಬಾನ ವಾಡಿಯಲ್ಲಿ ಒಂದು ಹಂಚಿನ ಮನೆ ಹಿಡಿದಿದ್ದ. ವಾಡಿ ಎಂದರೆ ತೋಟ. ಪಾಸ್ಕು ಬಾಬಾ ಅಲ್ಲಿಯ ಮೂಲದ ಕ್ರಿಶ್ಚಿಯನ್ ಮುದುಕ, ಮರಾಠಿ ಮಾತಾಡುವವ, ಸದಾ ಮಂಡಿಯವರೆಗೆ ಪ್ಯಾಂಟು ಮಡಿಚಿಕೊಂಡು ಓಡಾಡುವವ. ಮನೆ ಕೊಡುವಾಗಲೇ ಅಪ್ಪನಿಗೆ ಹೇಳಿದ್ದನಂತೆ: ಮನೆ ನಿಮ್ಮದು, ಬಾವಿ ಇಬ್ಬರದು, ಉಳಿದದ್ದು ಅವುಗಳದು.

ಅವು ಇದ್ದವು. ಕಟ್ಟಿಗೆ ಒಟ್ಟಿದ ಚಪ್ಪರದಲ್ಲಿ ಒಂದು ಉದ್ದನೆಯ ಕೇರೆಹಾವು ಕಾಯಂ ವಾಸ. ಬಾವಿಯ ಕಲ್ಲುಗಳ ಸಂದಿಯಲ್ಲಿ ನೀರುಹಾವುಗಳು. ಹಿತ್ತಲಿನ ತುದಿಗೆ, ಕಳ್ಳಿ ಬೇಲಿಯ ಹತ್ತಿರ ನನ್ನ ಎದೆಯೆತ್ತರದ ಹುತ್ತ, ಅದರಲ್ಲಿ ನಾಗರಹಾವು. ಮಳೆ ಬಿದ್ದು ಗದ್ದೆ ತುಂಬಿತು ಎಂದರೆ ಎಲ್ಲಕ್ಕೂ ನಮ್ಮ ಮನೆಯೇ ಒಣ ನೆಲ.

ಅತ್ತೆ ಅಪ್ಪನ ಅಕ್ಕ. ವಿಜಾಪುರದ ಕಡೆಯವರು ನಾವು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಪ್ಪ ಮುಂಬೈಗೆ ಬಂದಾಗ ಅವನ ಜೊತೆ ಬಂದಳು. ನಾನು ಹುಟ್ಟಿದಾಗಿನಿಂದ ಅವಳು ಮನೆಯಲ್ಲಿದ್ದಳು, ಹಾಗಾಗಿ ಅವಳಿಗೆ ಬೇರೆ ಮನೆ ಇದ್ದಿರಬಹುದು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಕಡ್ಡಿ ಮೈ, ಬಿಳಿ ಸೀರೆ, ದೊಡ್ಡ ದನಿ. ಬೈಗುಳದಲ್ಲಿ ಧಾರಾಳಿ. ಮನೆಯಲ್ಲಿ ಹಾವು ಎನ್ನುವ ಶಬ್ದ ಆಡುವ ಹಾಗಿರಲಿಲ್ಲ, "ಹುಳ" ಎನ್ನಬೇಕು. ಹಾವು ಕಚ್ಚಿತು ಎನ್ನುವ ಹಾಗೂ ಇರಲಿಲ್ಲ, "ಹುಳ ಮುಟ್ಟಿತು" ಎನ್ನಬೇಕು. ನಾನು ಮರಾಠಿ ಶಾಲೆಗೆ ಹೋಗುವವಳು, ಬಾಯಿ ತಪ್ಪಿ "ಸಾಪ" ಎಂದರೆ ಮಾತ್ರ ಬಿಟ್ಟುಬಿಡುತ್ತಿದ್ದಳು. ನಮ್ಮ ಹುಳಕ್ಕೆ ಮರಾಠಿ ಬರುವುದಿಲ್ಲ ಎಂದು ಅವಳ ಲೆಕ್ಕ.

ಒಂದು ಭಾನುವಾರ ಸಯನ್‌ನಿಂದ ಅಪ್ಪನ ಗೆಳೆಯರೊಬ್ಬರು ಹೆಂಡತಿಯನ್ನು ಕರೆದುಕೊಂಡು ಊಟಕ್ಕೆ ಬಂದರು. ಧಾರವಾಡದ ಜನ, ಆಫೀಸಿನ ನೌಕರಿ, ಬಿಲ್ಡಿಂಗಿನಲ್ಲಿ ಫ್ಲಾಟು. ಆ ಹೆಂಗಸು ಕೈ ತೊಳೆಯಲು ಹಿಂದೆ ಹೋದಳು. ಅಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಅಪ್ಪನ ಧೋತರದ ಪಕ್ಕದಲ್ಲಿ ಅಷ್ಟೇ ಉದ್ದದ ಹಾವಿನ ಪೊರೆ ತೂಗಾಡುತ್ತಿತ್ತು. ಕಟ್ಟಿಗೆಯ ನಡುವೆ ಸಿಕ್ಕಿದ್ದು, ಒದ್ದೆಯಾಗಿತ್ತು, ಅದಕ್ಕೇ ಒಣಗಲು ಹಾಕಿದೆ ಎಂದು ಅತ್ತೆ ತಣ್ಣಗೆ ಹೇಳಿದಳು. ಆ ದಂಪತಿ ಮಜ್ಜಿಗೆ ಅನ್ನಕ್ಕೂ ಕಾಯದೆ ಎದ್ದು ಲೋಕಲ್ ಹಿಡಿದರು, ಮತ್ತೆ ಬರಲಿಲ್ಲ. ಅಪ್ಪನಿಗೆ ಸಿಟ್ಟು ಬಂತು. ಅತ್ತೆಗೆ ಆಶ್ಚರ್ಯ. "ತಲಿ ಮ್ಯಾಲ ಒಂದು ಮನಿ, ಕಾಲ ಕೆಳಗ ಒಂದು ಮನಿ, ಯಾರ್ಯಾರೋ ಮಂದಿ ನಡುವ ಮಲಗತಾರ. ಅಂಥವರು ಒಂದು ಹುಳದ ಅಂಗಿಗೆ ಅಂಜತಾರ?"

ಹೀಗೆ ನಗಿಸುತ್ತಿದ್ದ ಅತ್ತೆ ಕೆಲವು ಹೊತ್ತಿನಲ್ಲಿ ಬೇರೆಯೇ ಆಗುತ್ತಿದ್ದಳು. ಮಧ್ಯಾಹ್ನ, ಅಪ್ಪ ಕೆಲಸಕ್ಕೆ ಹೋಗಿ, ಅವ್ವ ಒರಗಿ, ಸುತ್ತಲೂ ಒಂದು ಕಾಗೆ ಕೂಡ ಕೂಗದ ಹೊತ್ತಿನಲ್ಲಿ ಅವಳು ಹಿತ್ತಲ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಾ ಆರಿಸುತ್ತಾ ಒಮ್ಮೆಲೇ ತಲೆ ಎತ್ತಿ, ಯಾರೋ ಕರೆದ ಹಾಗೆ, "ಹಾಂ" ಎನ್ನುತ್ತಿದ್ದಳು. ಆಮೇಲೆ ಮೊರ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದಳು, ಕೂತಲ್ಲಿಯೇ.

ಅವಳ ಕಥೆ ನನಗೆ ಅವ್ವನಿಂದ ಗೊತ್ತಾಯಿತು. ಅದನ್ನು ಹೇಳಬೇಕಾದರೆ ನಮ್ಮ ಕಡೆಯ ಪಂಚಮಿಯ ವಿಷಯ ಹೇಳಬೇಕು.

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ಅಣ್ಣ ತಮ್ಮಂದಿರು ಹೋಗಿ ತವರಿಗೆ ಕರೆದುಕೊಂಡು ಬರುತ್ತಾರೆ. ಜೋಕಾಲಿ, ಉಂಡಿ, ಜೋಳದ ಅಳ್ಳು. ಹುತ್ತಕ್ಕೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ, ಪಾಲು ಹಾಕುತ್ತಾರೆ. ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ, ಮನೆಯವರನ್ನು ಒಬ್ಬೊಬ್ಬರಾಗಿ ನೆನೆದು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಹನಿಸುತ್ತಾ ಹೋಗುವುದು. ಯಾರ ಪಾಲು ಬಿತ್ತೋ ಅವರನ್ನು ಹುಳ ಮುಟ್ಟುವುದಿಲ್ಲ.

ಅತ್ತೆಗೆ ಮದುವೆಯಾದ ಮೊದಲ ಪಂಚಮಿ. ಹದಿನಾರು ತುಂಬಿರಲಿಲ್ಲ. ಎಲ್ಲರ ಪಾಲು ಹಾಕಿದಳು, ಗಂಡನ ಪಾಲು ಉಳಿಯಿತು. ಗಂಡನ ಹೆಸರನ್ನು ಹೆಂಡತಿ ಹಾಗೇ ಹೇಳುವ ಹಾಗಿಲ್ಲ, ಒಡಪು ಕಟ್ಟಿ ಹಾಡಿನ ಸಾಲಿನೊಳಗೆ ಸೇರಿಸಿ ಹೇಳಬೇಕು. ಗೆಳತಿಯರು ಸುತ್ತುಗಟ್ಟಿದರು. ಒಡಪು ಹೇಳಿದರೆ ಮಾತ್ರ ಬಟ್ಟಲು ಕೊಡುತ್ತೇವೆ ಎಂದರು. ಆ ಕಡೆ ಕಟ್ಟೆಯ ಮೇಲೆ ಅವಳ ಅಪ್ಪ, ಕಾಕಾಗಳು ಎಲ್ಲ ಕುಳಿತಿದ್ದರು. ಅತ್ತೆಗೆ ನಾಚಿಕೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ನಗುತ್ತಾ ಓಡಿಹೋಗಿ ಜೋಕಾಲಿ ಏರಿದಳು. ಪಾಲು ಬೀಳಲಿಲ್ಲ. ಹಬ್ಬ ಮುಗಿಸಿ ಗಂಡನ ಮನೆಗೆ ಹೋದ ಸ್ವಲ್ಪ ದಿನಕ್ಕೇ, ಹೊಲದ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಗಂಡನನ್ನು ಹುಳ ಮುಟ್ಟಿತು. ಮನೆಯವರೆಗೆ ನಡೆದುಕೊಂಡೇ ಬಂದನಂತೆ. ಹೊಸ್ತಿಲ ಮೇಲೆ ಕೂತು ಅವಳನ್ನು ಕರೆದನಂತೆ. ಅವಳು "ಹಾಂ" ಎಂದು ಹೊರಗೆ ಬರುವಷ್ಟರಲ್ಲಿ ಮುಗಿದಿತ್ತು.

ಗಂಡನ ಮನೆಯವರು ಹುಡುಗಿಯ ಕಾಲ್ಗುಣ ಎಂದು ಉಟ್ಟ ಸೀರೆಯಲ್ಲಿ ವಾಪಸು ಕಳಿಸಿದರು. ಅವಳು ಅವರನ್ನು ಬೈದದ್ದು ನಾನು ಎಂದೂ ಕೇಳಿಲ್ಲ. ಊರೆಲ್ಲ ಬೈಯುವವಳು, ಅವರೊಬ್ಬರನ್ನು ಬಿಟ್ಟು.

ಮಲಾಡಿನಲ್ಲಿ ಅವಳ ಪಂಚಮಿ ಹೇಗಿರುತ್ತಿತ್ತು ಎಂದರೆ, ಹಾಲು ತಣ್ಣಗಾದರೂ ಪಾಲು ಮುಗಿಯುತ್ತಿರಲಿಲ್ಲ. ಹಿಂದಿನ ದಿನದಿಂದಲೇ ಒಲೆಗೆ ಹಂಚು ಏರಿಸುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ, ನೆಲ ಅಗೆಯುವಂತಿಲ್ಲ. ಮುಂಜಾನೆ ಹುತ್ತದ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮ ಮನೆಯವರದೆಲ್ಲ ಹಾಕಿದ ಮೇಲೆ ಶುರುವಾಗುತ್ತಿತ್ತು: ಹಾಲಿನ ಭಯ್ಯಾನ ಪಾಲು, ಅವನ ಎಮ್ಮೆಯ ಪಾಲು, ಟಪಾಲಿನವನ ಪಾಲು, ಕುದುರೆಗಾಡಿಯವನ ಪಾಲು, ನಮ್ಮ ಮಾಸ್ತರಣಿಯ ಪಾಲು. ಅಪ್ಪ ಬರುವ ಲೋಕಲ್ ನಡೆಸುವವನ ಪಾಲು. ಲೋಕಲ್ ಒಳಗೆ ಹಾವು ಎಲ್ಲಿಂದ ಬರಬೇಕು ಎಂದು ಅಪ್ಪ ನಕ್ಕರೆ, ಬಿಟ್ಟು ನೋಡುವ ಧೈರ್ಯ ನಿನಗಿದೆಯೇನು ಎಂದು ಕೇಳುತ್ತಿದ್ದಳು. ಅಪ್ಪನ ನಗು ಅಲ್ಲಿಗೆ ನಿಲ್ಲುತ್ತಿತ್ತು. ಪಾಸ್ಕು ಬಾಬಾ ಬೇಲಿಯಾಚೆಯಿಂದ ಪ್ರತಿವರ್ಷ ತಪ್ಪದೆ ವಿಚಾರಿಸುತ್ತಿದ್ದ. "ತಂಗೂ ಬಾಯ್, ಮಾಝಾ ವಾಟಾ ಘಾತಲಾ ಕಾ?" ನನ್ನ ಪಾಲು ಹಾಕಿದೆಯಾ ಎಂದು. ಅತ್ತೆ ತನ್ನ ಅರ್ಧಂಬರ್ಧ ಮರಾಠಿಯಲ್ಲಿ, "ಘಾತಲಾ ರೇ ಬಾಬಾ, ಈ ವರ್ಸ ನೀ ಸಾಯಂಗಿಲ್ಲ, ಹೋಗು" ಎನ್ನುತ್ತಿದ್ದಳು. ಮುದುಕ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹೋಗುತ್ತಿದ್ದ. ಎರಡೂ ಕಡೆಯಿಂದ ಬಂದೋಬಸ್ತು.

ಎಲ್ಲ ಆದ ಮೇಲೆ ತಂಬಿಗೆಯ ತಳದಲ್ಲಿ ಒಂದಿಷ್ಟು ಹಾಲು ಉಳಿಯುತ್ತಿತ್ತು. ಅದನ್ನು ಹುತ್ತಕ್ಕೂ ಹಾಕುತ್ತಿರಲಿಲ್ಲ, ನಮಗೂ ಕೊಡುತ್ತಿರಲಿಲ್ಲ. ಮುಚ್ಚಿ ಮೂಲೆಯಲ್ಲಿ ಇಡುತ್ತಿದ್ದಳು. ಮರುದಿನ ಒಡೆದಿರುತ್ತಿತ್ತು. ಆಗ ಅವ್ವ ಒಯ್ದು ಬಾಳೆಗಿಡಕ್ಕೆ ಚೆಲ್ಲಿ ತಂಬಿಗೆ ತಿಕ್ಕಿಡುತ್ತಿದ್ದಳು.

ನಾನು ಶಾಲೆಯಲ್ಲಿ ಐದನೇ ಇಯತ್ತೆಯಲ್ಲಿದ್ದ ವರ್ಷ ಶ್ರಾವಣದ ಮೊದಲ ದಿನಗಳಲ್ಲೇ ಅವ್ವ ಮನೆಯಲ್ಲಿ ಹೆತ್ತಳು. ಗಂಡು ಕೂಸು. ಸೂಲಗಿತ್ತಿಯ ಪಕ್ಕದಲ್ಲಿ ಕೂತು ಕೂಸನ್ನು ಮೊದಲು ಕೈಗೆ ತೆಗೆದುಕೊಂಡವಳು ಅತ್ತೆ. ಖುಷಿಯಲ್ಲಿ ಪಾಸ್ಕು ಬಾಬಾನ ಮನೆಯವರೆಗೂ ಹೋಗಿ ಸಕ್ಕರೆ ಕೊಟ್ಟು ಬಂದಳು. ಸಂಜೆ ಅಪ್ಪ ಬಂದು ಪಂಚಾಂಗ ನೋಡಿ, ಹೆಸರಿಡುವುದು ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕುತ್ತಾ, ಈ ಸಲ ಪಂಚಮಿ ಪುರುಡಿನಲ್ಲೇ ಬಂತು, ಹಬ್ಬ ಇಲ್ಲ ಎಂದ. ಹೆತ್ತ ಮನೆಗೆ ಸೂತಕ ಇರುತ್ತದಲ್ಲ, ಅದು ಪುರುಡು. ಅದು ಕಳೆಯುವವರೆಗೆ ದೇವರಿಗೆ ದೀಪವಿಲ್ಲ, ಹುತ್ತಕ್ಕೆ ಹಾಲಿಲ್ಲ. ಅಪ್ಪ ಸಹಜವಾಗಿ ಹೇಳಿದ ಮಾತು. ಬಾಣಂತಿಗೆಂದು ಅಂಟಿನುಂಡಿ ಕಟ್ಟುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು.

ಎಲ್ಲರ ಪಾಲೂ ತಪ್ಪುತ್ತದೆ ಎಂಬುದೊಂದೇ ಆಮೇಲೆ ಅವಳ ತಲೆಯಲ್ಲಿ. ಪುರುಡಿಗೆ ಹಬ್ಬ ಮಾಫಿ, ದೇವರಿಗೇ ಗೊತ್ತಿರುತ್ತದೆ ಎಂದು ಅಪ್ಪ ತಿಳಿಹೇಳಿದ. ಅವಳು ಕೂಸಿನ ಕಡೆ ನೋಡುತ್ತಾ ಕೂತಿದ್ದಳು. ಅವನಿಗೆ ಇನ್ನೂ ಒಂದು ಪಾಲೂ ಬಿದ್ದಿರಲಿಲ್ಲ, ಹುಟ್ಟಿದ ಮೇಲೆ ಬಂದ ಮೊದಲ ಪಂಚಮಿಯೇ ಖಾಲಿ.

ಮರುದಿನ ಬಚ್ಚಲಿನಲ್ಲಿ ಅವ್ವ ಎರೆದುಕೊಳ್ಳುತ್ತಿದ್ದಾಗ ನೀರು ಹೋಗುವ ತೂತಿನಿಂದ ನಾಗರಹಾವು ಅರ್ಧ ಒಳಗೆ ಬಂತು. ಅವ್ವನ ಕೈಯಿಂದ ತಂಬಿಗೆ ಬಿದ್ದ ಸದ್ದಿಗೆ ಅತ್ತೆ ಓಡಿದಳು. ನಾನೂ ಹಿಂದೆಯೇ ಹೋದೆ. ಅತ್ತೆ ಅವ್ವನಿಗೂ ಅದಕ್ಕೂ ನಡುವೆ ನಿಂತಿದ್ದಳು. ಅದು ಹೆಡೆ ಎತ್ತಿ, ಆ ಕಡೆ ಈ ಕಡೆ ಆಡದೆ, ಸುಮ್ಮನೆ ನಿಂತಿತ್ತು. ಅತ್ತೆ ಚಪ್ಪಾಳೆ ತಟ್ಟಲು ಕೈ ಎತ್ತಿದಳು, ಅಂಗೈಗಳು ಕೂಡಲಿಲ್ಲ. ಕೊನೆಗೆ ಅದೇ ತಿರುಗಿ, ಬಂದ ತೂತಿನಲ್ಲಿ ಹೋಯಿತು. ಅವ್ವನಿಗೆ ಸೀರೆ ಸುತ್ತಿ ಹಾಸಿಗೆಗೆ ತಂದು ಮಲಗಿಸಿದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಳು. "ಕೇಳಾಕ ಬಂದಿತ್ತು" ಎಂದಳು. ಏನನ್ನು ಎಂದು ಅವ್ವ ಎರಡು ಸಲ ಕೇಳಿದಳು. ಅತ್ತೆ ಮೂಲೆಯಲ್ಲಿ ತಿಕ್ಕಿಟ್ಟಿದ್ದ ಹಾಲಿನ ತಂಬಿಗೆಯ ಕಡೆ ನೋಡಿದಳು.

ಅಪ್ಪ ತೂತಿಗೆ ಇಟ್ಟಿಗೆ ಬಿಗಿದ. ಗೋಡೆಯ ಸುತ್ತ ಕಾರ್ಬಾಲಿಕ್ ಆಸಿಡ್ ಸುರಿದ. ಪಾಸ್ಕು ಬಾಬಾನಿಗೆ ಹೇಳಿ ಹುತ್ತ ಅಗೆಸಿಬಿಡುತ್ತೇನೆ ಎಂದೂ ಹೇಳಿದ. ಅತ್ತೆ ಅದಕ್ಕೆ ಜಗಳ ಮಾಡಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ತನ್ನ ಗಂಟು ಕಟ್ಟಿಕೊಂಡು ಹೊರಗೆ ಅಂಗಳದಲ್ಲಿ ನಿಂತು ಅಪ್ಪನನ್ನು ಕರೆದಳು. ಒಳಗೆ ಬರುವುದಿಲ್ಲ, ನೀನೇ ಅಲ್ಲಿ ನಿಂತು ಕೇಳು ಎಂದಳು.

"ತಮ್ಮಾ, ನಾ ಈ ಮನಿಯಾಕಿ ಅಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ.

"ನನ್ನ ಬ್ಯಾರೇ ಮನಿಗೆ ಕೊಟ್ಟೀರಿ. ಕೊಟ್ಟ ಹೆಣ್ಣಿಗೆ ತವರಮನಿ ಪುರುಡು ಮೈ ತೊಳಕೊಂಡ್ರ ಹೋಗತೈತಿ. ನಾ ಆ ಮನಿಯಾಕಿ ಆಗಿ ಹಾಲು ಹಾಕತೀನಿ. ಹಬ್ಬದ ತನಕ ಈ ಹೊಸ್ತಿಲ ದಾಟಂಗಿಲ್ಲ, ನೀವು ನನ್ನ ಮುಟ್ಟಂಗಿಲ್ಲ."

ಅಪ್ಪ ಸಿಟ್ಟಿನಿಂದಲೇ ಮಾತಾಡಿದ. ಯಾವ ಮನೆ, ಉಟ್ಟ ಸೀರೆಯಲ್ಲಿ ಕಳಿಸಿದವರ ಮನೆಯಾ, ಇಷ್ಟು ವರ್ಷದಲ್ಲಿ ಸತ್ತಿದ್ದೀಯಾ ಬದುಕಿದ್ದೀಯಾ ಎಂದು ಕೇಳದವರ ಮನೆಯಾ ಎಂದ. ಅತ್ತೆ ಎಲ್ಲ ಕೇಳಿಸಿಕೊಂಡಳು. "ಅವರು ಕಳಿಸಿದ್ರು. ನಾ ಬಿಟ್ಟು ಬಂದಿಲ್ಲ" ಎಂದು ಗಂಟು ಎತ್ತಿಕೊಂಡಳು.

ಪಾಸ್ಕು ಬಾಬಾ ತನ್ನ ಬಲೆ, ಹಗ್ಗ ಇಡುವ ಗುಡಿಸಲು ಖಾಲಿ ಮಾಡಿಕೊಟ್ಟ. ಇಲ್ಲಿ ಒಣಮೀನಿನ ವಾಸನೆ ಇದೆಯಲ್ಲ, ನಿನ್ನ ದೇವರು ನಡೆಸಿಕೊಳ್ಳುತ್ತಾನಾ ಎಂದು ಕೇಳಿದನಂತೆ. ಮೀನಿನ ವಾಸನೆ ಇದ್ದರೇನು, ಪುರುಡು ಇಲ್ಲವಲ್ಲ ಎಂದಳಂತೆ ಇವಳು. ಮೂರು ಕಲ್ಲು ಇಟ್ಟು ಒಲೆ ಹೂಡಿ, ಗಂಜಿ ಕಾಸಿಕೊಂಡು ಅಲ್ಲೇ ಇದ್ದಳು. ಈ ಕಡೆ ಅವ್ವ ಹಾಸಿಗೆಯಲ್ಲಿ ಅಳುತ್ತಿದ್ದಳು. ಹಸಿ ಬಾಣಂತಿಯನ್ನು ಬಿಟ್ಟು ಹುತ್ತದ ಹಿಂದೆ ಹೋದಳು, ಕೂಸಿಗೆ ಎರೆಯುವವರು ಯಾರು, ನನಗೆ ಕಷಾಯ ಮಾಡುವವರು ಯಾರು ಎಂದು. ಸೂಲಗಿತ್ತಿಯೇ ದಿನಾ ಬಂದು ಹೋಗಬೇಕಾಯಿತು. ಕೂಸು ಅತ್ತಾಗೆಲ್ಲ ಅತ್ತೆ ಬೇಲಿಯಾಚೆ ಬಂದು ನಿಲ್ಲುತ್ತಿದ್ದಳು. ಅಳು ನಿಂತ ಮೇಲೆ ಹೋಗುತ್ತಿದ್ದಳು. ನಾನು ಹತ್ತಿರ ಹೋದರೆ ಕೈ ಮಾಡಿ ದೂರ ನಿಲ್ಲಿಸುತ್ತಿದ್ದಳು.

ಪಂಚಮಿಯ ಮುಂಜಾನೆ ಜಿಟಿಜಿಟಿ ಮಳೆ. ಹಿತ್ತಲ ಬಾಗಿಲಲ್ಲಿ ನಾನು ಮತ್ತು ಅಪ್ಪ ನಿಂತಿದ್ದೆವು. ನಾವು ಅದಕ್ಕಿಂತ ಮುಂದೆ ಹೋಗುವ ಹಾಗಿರಲಿಲ್ಲ. ಅತ್ತೆ ಗುಡಿಸಲಿನಿಂದ ಚಪ್ಪಾಳೆ ಇಲ್ಲದೆ ಬಂದಳು. ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ಕೊಬ್ಬರಿ ಬಟ್ಟಲು. ಹುತ್ತದ ಮುಂದೆ ಕೂತು ಬಹಳ ಹೊತ್ತು ಬಟ್ಟಲು ಅದ್ದಲಿಲ್ಲ. ಅಪ್ಪ ಇಲ್ಲಿಂದಲೇ, ಯಕ್ಕಾ, ಏನಾಯಿತು ಎಂದು ಕೂಗಿದ.

ಅವಳು ತಿರುಗಲಿಲ್ಲ. "ಆ ಮನಿಯಾಕಿ ಅಂತ ಹೇಳಿ ಬಂದೀನಿ. ಆ ಮನಿಯವನ ಪಾಲು ಮೊದಲ ಬೀಳಬೇಕಲ್ಲ."

ಆಮೇಲೆ ಎದ್ದು ನಿಂತು, ಹಾಡುವಂತೆಯೂ ಅಲ್ಲ, ಓದುವಂತೆಯೂ ಅಲ್ಲ, ಪಾಠ ಒಪ್ಪಿಸುವ ಹುಡುಗಿಯ ದನಿಯಲ್ಲಿ ಹೇಳಿದಳು:

"ಬೇವಿನ ಗಿಡಕ್ಕ ಜೋಕಾಲಿ, ಬಟ್ಟಲ ತುಂಬ ಹಾಲ,
ತವರಮನಿ ಹುತ್ತಕ್ಕ ಹಾಕೇನಿ ಸಂಗಪ್ಪನ ಪಾಲ."

ಅಲ್ಲಿ ಬೇವಿನ ಗಿಡ ಇರಲಿಲ್ಲ. ಜೋಕಾಲಿಯೂ ಇರಲಿಲ್ಲ. ಆ ಒಡಪನ್ನು ಅವಳು ಯಾವಾಗ ಕಟ್ಟಿದ್ದಳೋ. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಭಾವನ ಹೆಸರು ಅಕ್ಕನ ಬಾಯಲ್ಲಿ ಅವನೂ ಅದೇ ಮೊದಲು ಕೇಳಿದ್ದು. ಅತ್ತೆ ಕೂತು, ಹನಿಸಿದಳು. ಉಳಿದವರದೆಲ್ಲ ಆಮೇಲೆ ಎಂದಿನಂತೆ ಬಂತು. ಅಪ್ಪ, ಅವ್ವ, ನಾನು. ಹೆಸರಿಡದ ಕೂಸಿನ ಪಾಲು. ಪಾಸ್ಕು ಬಾಬಾ, ಭಯ್ಯಾ, ಎಮ್ಮೆ, ಲೋಕಲ್ಲಿನವ. ಆ ಸಲ ತಂಬಿಗೆಯಲ್ಲಿ ಏನೂ ಉಳಿಯಲಿಲ್ಲ.

ಪುರುಡು ಕಳೆಯಿತು, ತೊಟ್ಟಿಲು ಕಟ್ಟಿದೆವು. ಅತ್ತೆ ಬಂದಳು. ಕೂಸಿನ ತಲೆಗೆ ಕುಂಚಿಗೆ ತಂದಿದ್ದಳು, ಗುಡಿಸಲಿನಲ್ಲಿ ಕೂತು ಹೊಲಿದದ್ದು. ಆದರೆ ಬಂದ ನೆಂಟರ ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು, ಅಡುಗೆಮನೆಗೆ ಕಾಲಿಡಲಿಲ್ಲ. ಊಟ ಮಾಡಿ ಎಲೆ ಎತ್ತಿ ಹೊರಟಳು. ಎಲ್ಲಿಗೆ ಎಂದು ಅವ್ವ ಸೆರಗು ಹಿಡಿದು ನಿಲ್ಲಿಸಿದಳು. ಸಿಟ್ಟೆಲ್ಲ ಇಳಿದಿತ್ತು ಅವ್ವನಿಗೆ, ಬೇಡಿಕೊಂಡಳು.

"ಹ್ಯಾಂಗ ಬರಲಿ ಯವ್ವಾ? ಆ ಮನಿಯಾಕಿ ಅಂತ ಹುತ್ತದ ಮುಂದ ಹೇಳೀನಿ. ಹೊಳ್ಳಿ ನಿಮ್ಮನ್ಯಾಗ ಬಂದು ನಿಂತ್ರ ಆ ಮಾತು ಸುಳ್ಳಾಗತೈತಿ. ಮಾತು ಸುಳ್ಳಾದ್ರ ಹಾಕಿದ ಪಾಲೂ ಸುಳ್ಳ."

ಅವ್ವ ತೊಟ್ಟಿಲ ಕಡೆ ನೋಡಿದಳು. ಆಮೇಲೆ ಸೆರಗು ಬಿಟ್ಟಳು. ಅವ್ವ ಬಿಟ್ಟದ್ದನ್ನು ನಾನು ಕಂಡೆ. ಅವಳ ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಹೆತ್ತವಳು, ನಂಬಿಕೆ ಇದ್ದರೂ ಇಲ್ಲದಿದ್ದರೂ ಬಿಡುತ್ತಿದ್ದಳು.

ಅಪ್ಪ ವಾದ ಮಾಡಿದ, ಅತ್ತ, ಮಾತು ಬಿಟ್ಟ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಗುಡಿಸಲಿನಲ್ಲೇ ಇದ್ದುಬಿಡು ಎಂದು ಪಾಸ್ಕು ಬಾಬಾ ಹೇಳಿದ. ಅದೂ ಯಾರದೋ ಮನೆ, ಆ ಮನೆ ಅಲ್ಲ ಎಂದಳು. ಕೊನೆಗೆ ಅಪ್ಪ ಇಂಡಿ ಕಡೆಯ ಅವಳ ಗಂಡನ ಹಳ್ಳಿಗೆ ಹೇಳಿಕಳಿಸಿದ. ಅತ್ತೆಯ ಮೈದುನನ ಮಕ್ಕಳು ಈಗ ಮನೆ ನಡೆಸುತ್ತಿದ್ದರು, ಹಳೆಯ ಸಿಟ್ಟು ಅವರಿಗೆ ಗೊತ್ತೂ ಇರಲಿಲ್ಲ. ದನದ ಕೊಟ್ಟಿಗೆಯ ಪಕ್ಕ ಒಂದು ಕೋಣೆ ಇದೆ, ಬರಲಿ ಎಂದರು.

ದಾದರ್ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಗಾಡಿಗೆ ಹತ್ತಿಸಲು ನಾವೆಲ್ಲ ಹೋಗಿದ್ದೆವು. ಅವ್ವ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಅತ್ತೆ ಅದರ ನೆತ್ತಿ ಮೂಸಿ ವಾಪಸು ಕೊಟ್ಟಳು. ಗಾಡಿ ಬಿಡುವ ಹೊತ್ತಿಗೆ ಕಿಟಕಿಯಿಂದ ಅಪ್ಪನ ಕೈ ಹಿಡಿದು ನಕ್ಕಳು. ಅದು ನಾನು ಹಿಂದೆ ನೋಡದ ನಗು, ಸಣ್ಣ ಹುಡುಗಿಯದು. "ಬರೂ ಪಂಚಮಿಗೆ ಕರಿಯಾಕ ಬಾ ತಮ್ಮಾ. ಇಷ್ಟು ವರ್ಸ ನಿಮ್ಮನ್ಯಾಗ ಇದ್ದೆ, ಒಬ್ಬರೂ ನನ್ನ ಪಂಚಮಿಗೆ ಕರೀಲಿಲ್ಲ ನೋಡು."

ಆಮೇಲೆ ಮನೆ ಬಿಕೋ ಎಂದಿತು. ಹಾವುಗಳು ಇದ್ದವು. ಕಟ್ಟಿಗೆಯಲ್ಲಿ ಕೇರೆಹಾವು ಇತ್ತು, ಬಾವಿಯಲ್ಲಿ ನೀರುಹಾವು ಇದ್ದವು, ಹುತ್ತದ್ದು ಮಾತ್ರ ಆ ಪಂಚಮಿಯ ನಂತರ ಯಾರಿಗೂ ಕಾಣಿಸಲಿಲ್ಲ. ಮಧ್ಯಾಹ್ನದ ಹೊತ್ತು ಅವ್ವ ಹಿತ್ತಲ ಬಾಗಿಲು ಹಾಕಿಯೇ ಇಡುತ್ತಿದ್ದಳು. ಕೂಸು ಬೆಳೆಯಿತು. ನನ್ನ ತಮ್ಮ ಇವತ್ತಿಗೂ ಗಟ್ಟಿಯಾಗಿದ್ದಾನೆ, ಹೊಟ್ಟೆ ಬೇರೆ ಬಂದಿದೆ, ಇದನ್ನೆಲ್ಲ ಹೇಳಿದರೆ ಮೊಬೈಲಿನಿಂದ ತಲೆ ಎತ್ತದೆ ಹೂಂ ಅನ್ನುತ್ತಾನೆ.

ಮುಂದಿನ ಪಂಚಮಿಗೆ ಅವ್ವ ಮುಂಚಿತವಾಗಿಯೇ ಉಂಡಿ ಕಟ್ಟಿದಳು. ಪಾಸ್ಕು ಬಾಬಾ ತಾನೇ ಮಾವಿನ ಮರಕ್ಕೆ ದೋಣಿಯ ಹಗ್ಗದ ಜೋಕಾಲಿ ಹಾಕಿಕೊಟ್ಟ. ಅಪ್ಪ ರಜೆ ಹಾಕಿ ಅಕ್ಕನನ್ನು ಕರೆಯಲು ಹೋದ. ಬಂದದ್ದು ಒಬ್ಬನೇ. ಅವನ ಬಗಲಲ್ಲಿ ಅತ್ತೆಯ ಗಂಟು ಇತ್ತು. ಏನಾಯಿತು ಎಂದು ಹೇಳಲು ಅವನಿಗೆ ಎರಡು ದಿನ ಹಿಡಿಯಿತು. ಅವನು ಹೇಳಿದಷ್ಟನ್ನೇ ಹೇಳುತ್ತೇನೆ, ನನ್ನದು ಸೇರಿಸುವುದಿಲ್ಲ.

ಅತ್ತೆ ಎಲ್ಲ ಕಟ್ಟಿಕೊಂಡು ತಯಾರಾಗಿಯೇ ಕೂತಿದ್ದಳಂತೆ. ಕೇರಿಯ ಹೆಂಗಸರಿಗೆಲ್ಲ, ನನ್ನ ತಮ್ಮ ಮುಂಬೈಯಿಂದ ಕರೆಯಲು ಬಂದಿದ್ದಾನೆ ಎಂದು ಹೇಳಿ ಬಂದಿದ್ದಳಂತೆ. ಸ್ಟೇಷನ್ನಿಗೆ ಹೋಗಲು ಹೊಲದ ದಾರಿ. ಅಪ್ಪ ಗಂಟು ಹಿಡಿದು ಮುಂದೆ, ಅವಳು ಹಿಂದೆ. ಊರ ಸುದ್ದಿ ಹೇಳುತ್ತಾ, ಯಾರನ್ನೋ ಬೈಯುತ್ತಾ ಬರುತ್ತಿದ್ದವಳ ಮಾತು ಒಮ್ಮೆಲೇ ನಿಂತಿತು. ಅಪ್ಪ ತಿರುಗಿ ನೋಡಿದ. ಅವರಿಬ್ಬರ ನಡುವೆ, ಕಾಲುದಾರಿಗೆ ಅಡ್ಡ, ನಾಗರಹಾವು ಮಲಗಿತ್ತು. ಅವಸರ ಏನೂ ಇಲ್ಲದ ಹಾಗೆ.

ಅತ್ತೆ ಕೈ ಎತ್ತಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ನಮ್ಮ ಕಡೆ ಮನೆಯ ಗಂಡಸು ಎದುರಿಗೆ ಬಂದರೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ದಾರಿ ಬಿಟ್ಟು ಪಕ್ಕಕ್ಕೆ ಸರಿದು ತಲೆ ತಗ್ಗಿಸಿ ನಿಂತಳು. ಅದು ನಿಧಾನವಾಗಿ ಎದ್ದು, ಜೋಳದ ಹೊಲದ ಬದು ಹಿಡಿದು ಊರ ಕಡೆ ಸರಿಯಿತು.

"ಕೇಳಲಾರದ ಹೊಂಟಿದ್ದೆ ನೋಡು ತಮ್ಮಾ" ಎಂದಳು ಅತ್ತೆ. "ಗಂಡನ್ನ ಕೇಳಲಾರದ ತವರಿಗೆ ಯಾರಾರ ಹೋಗತಾರೇನು?"

ಅಪ್ಪ ಗಂಟು ಹಿಡಿದು ನಿಂತಲ್ಲಿಂದ ಕರೆಯುತ್ತಲೇ ಇದ್ದ. ಅವಳು ಸೆರಗು ತೆಗೆಯದೆ, ಗಂಡನ ಹಿಂದೆ ನಡೆಯುವ ಹೆಂಗಸು ಬಿಡುವಷ್ಟು ಅಂತರ ಬಿಟ್ಟು, ಅದು ಹೋದ ಬದುವಿನ ಮೇಲೆ ನಡೆದು ಹೋದಳು.